ಕರೆಯುವ ಗುಡ್ಡಮ್ಮ

ಆ ಕಾಲಕ್ಕೆ ಶಿಕಾರಿಪುರದ ಪೇಟೆಬೀದಿಯಲ್ಲಿ ಗಡಿಯಾರವಿದ್ದ ಮನೆಗಳು ಕಡಿಮೆ. ಇದ್ದ ಗಡಿಯಾರಗಳೂ ಅತ್ತೆ ಸೊಸೆಯರ ಹಾಗೆ ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುತ್ತಿರಲಿಲ್ಲ. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಬೆಳಿಗ್ಗೆ ಗುಡ್ಡಮ್ಮನ ದನಿ ಬೀದಿಯ ಈ ತುದಿಯಲ್ಲಿ ಕೇಳಿಸಿದರೆ ತಾಯಂದಿರು ಹೆಣ್ಣುಮಕ್ಕಳ ಜಡೆ ಹೆಣೆಯಲು ಕೂರುತ್ತಿದ್ದರು. ಆ ತುದಿ ಮುಟ್ಟಿತು ಎಂದರೆ ಗಂಡಸರು ಅಂಗಡಿಯ ಬೀಗದ ಕೈ ಹುಡುಕುತ್ತಿದ್ದರು. ಅಂಥ ದನಿ ಅದು. ಸಂತೆಯಲ್ಲಿ ಒಮ್ಮೆ ಕೂಗಿದರೆ ಎತ್ತುಗಳೂ ತಿರುಗಿ ನೋಡುತ್ತಿದ್ದವು ಎಂದು ಅವಳ ಗಂಡ ಮಾರಪ್ಪನೇ ಹೇಳಿ ನಗುತ್ತಿದ್ದ.

ಗುಡ್ಡಮ್ಮ ಸಂತ ಅನ್ನಮ್ಮನವರ ಹೆಣ್ಣುಮಕ್ಕಳ ಶಾಲೆಯ ಆಯಾ. ಊರಿನವರ ಬಾಯಲ್ಲಿ ಅದು ಮದರಮ್ಮನ ಶಾಲೆ. ಶಾಲೆ ಇದ್ದದ್ದು ಕೆರೆ ಏರಿಯ ಆಚೆ. ಅಷ್ಟು ದೂರ ಹೆಣ್ಣುಮಕ್ಕಳನ್ನು ಒಂಟಿಯಾಗಿ ಕಳಿಸುವ ತಾಯಿ ಊರಿನಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಗುಡ್ಡಮ್ಮ ಮನೆಮನೆಯ ಮುಂದೆ ನಿಂತು ಹೆಸರು ಹಿಡಿದು ಕರೆಯಬೇಕು, ಬಂದವರನ್ನು ಸಾಲು ಮಾಡಿ ಕರೆದೊಯ್ಯಬೇಕು, ಸಂಜೆ ಅದೇ ಸಾಲನ್ನು ತಂದು ಅವರವರ ಮನೆ ಸೇರಿಸಬೇಕು. ವರ್ಷದ ಮೊದಲ ದಿನ ಮಾತ್ರ ಕರೆಯುವ ಕ್ರಮವೇ ಬೇರೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ದಿನ ಆಕೆ ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಕುಂಕುಮದ ಭರಣಿ ಹಿಡಿದು ಹೊರಡುತ್ತಿದ್ದಳು. ಪ್ರತಿ ಮನೆಯ ಹೊಸ್ತಿಲಲ್ಲಿ ತಾಯಿಗೂ ಮಗಳಿಗೂ ಕುಂಕುಮವಿಟ್ಟು, ಮದುವೆಗೆ ಕರೆದಂತೆ ಶಾಲೆಗೆ ಕರೆಯುತ್ತಿದ್ದಳು.

ಈ ಕುಂಕುಮದ ಕತೆಗೆ ಶಾಲೆಯಷ್ಟೇ ವಯಸ್ಸು. ಮದರ್ ಅಗಾತಾ ಎಂಬ ದೂರದೇಶದ ಸನ್ಯಾಸಿನಿ ಇಪ್ಪತ್ತೈದು ವರ್ಷದ ಹಿಂದೆ ಈ ಊರಿಗೆ ಬಂದು, ಒಂದು ಹಳೆಯ ಮನೆ ಹಿಡಿದು, ಹೆಂಚು ಹೊದಿಸಿ, ಬೆಂಚು ಮಾಡಿಸಿ, ಹೆಣ್ಣುಮಕ್ಕಳನ್ನು ಕಳಿಸಿರೆಂದು ಚೀಟಿ ಅಚ್ಚು ಹಾಕಿಸಿ ಹಂಚಿದರು. ಶಾಲೆ ತೆರೆದ ದಿನ ಬೆಂಚುಗಳಿದ್ದವು, ಮಕ್ಕಳಿರಲಿಲ್ಲ. ಚೀಟಿಗಳೇನೂ ವ್ಯರ್ಥವಾಗಲಿಲ್ಲ. ಅಂಗಡಿಯವರು ಅದರಲ್ಲಿ ಮೆಣಸು ಜೀರಿಗೆ ಕಟ್ಟಿ ಕೊಟ್ಟರು. ಮದರಮ್ಮ ಬಾಗಿಲಲ್ಲಿ ನಿಂತು ನಿಂತು ಮುಖ ಸಣ್ಣದು ಮಾಡಿಕೊಂಡರು. ಆಗ ಮಾರಪ್ಪ ಅಲ್ಲಿ ತೋಟದ ಕೆಲಸಕ್ಕಿದ್ದ. ಗುಡ್ಡಮ್ಮ ಸೊರಬದ ಕಡೆಯ ಜಡೆ ಎಂಬ ಊರಿನಿಂದ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಗಂಡನಿಗೆ ಬುತ್ತಿ ತಂದವಳು ಇದನ್ನು ನೋಡಿ, ಕರೆಯದೆ ಯಾರಾದರೂ ಬರುತ್ತಾರೆಯೇ ಎಂದು ಗಂಡನ ಕಿವಿಯಲ್ಲಿ ಹೇಳಿದಳು. ಅವಳ ಗುಟ್ಟು ಅಂಗಳದ ಆಚೆಗೂ ಕೇಳಿಸುತ್ತಿತ್ತು. ಹಾಗಾದರೆ ಕರೆ ಎಂದರು ಮದರಮ್ಮ.

ಅವಳಿಗೆ ಗೊತ್ತಿದ್ದದ್ದು ಒಂದೇ ಬಗೆಯ ಕರೆ. ಭರಣಿ ಹಿಡಿದು ಹೋದಳು, ಕುಂಕುಮವಿಟ್ಟಳು, ಮದರಮ್ಮನ ಮನೆಗೆ ಬರಬೇಕಂತೆ, ಮಗಳನ್ನೂ ಕರೆದುಕೊಂಡು ಬನ್ನಿ ಎಂದಳು. ಮುತ್ತೈದೆಯರು ಉಡಿ ತುಂಬುವ ಕಾರ್ಯವೆಂದೇ ತಿಳಿದು, ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟು, ಮಕ್ಕಳಿಗೆ ಹೂ ಮುಡಿಸಿ ಬಂದರು. ಬಂದು ಬೆಂಚಿನ ಮೇಲೆ ಸಾಲಾಗಿ ಕೂತು ಸೆರಗು ಒಡ್ಡಿದರು. ಉಡಿಗೆ ಹಾಕಲು ಮದರಮ್ಮನ ಬಳಿ ತೆಂಗಿನಕಾಯಿ ಎಲ್ಲಿಂದ ಬರಬೇಕು? ಅವರು ಒಂದು ಗಳಿಗೆ ಯೋಚಿಸಿ, ಒಂದೊಂದು ಹುಡುಗಿಯ ಮಡಿಲಿಗೆ ಒಂದೊಂದು ಸ್ಲೇಟು, ಒಂದು ಬಳಪ ಹಾಕಿದರು. ಉಡಿಗೆ ಬಿದ್ದದ್ದನ್ನು ಹಿಂದಕ್ಕೆ ಕೊಡುವ ಪದ್ಧತಿ ಈ ಸೀಮೆಯಲ್ಲಿಲ್ಲ. ವಾಪಸು ಹೋಗುವಾಗ ಒಬ್ಬಾಕೆ, ಈ ಕಾರ್ಯ ಎಷ್ಟು ದಿನ ಎಂದು ಕೇಳಿದಳು. ಐದು ವರ್ಷ ಎಂದಳು ಗುಡ್ಡಮ್ಮ, ಕಣ್ಣು ಕೂಡ ಮಿಟುಕಿಸದೆ.

ಹೀಗೆ ಮೋಸದಿಂದ ಅನ್ನಿ, ಮರ್ಯಾದೆಯಿಂದ ಅನ್ನಿ, ಶಾಲೆ ನಿಂತಿತು. ಗುಡ್ಡಮ್ಮನಿಗೆ ಮಕ್ಕಳಾಗಲಿಲ್ಲ. ಊರ ಹೆಣ್ಣುಮಕ್ಕಳನ್ನೆಲ್ಲ ಕರೆದು ಕರೆದು ಆ ಕೊರಗು ಅವಳಿಗೆ ಮರೆತೇಹೋಗಿತ್ತು. ಅವಳು ಕೈಹಿಡಿದು ಏರಿ ದಾಟಿಸಿದ ಹುಡುಗಿಯರು ಮದುವೆಯಾಗಿ, ತಾಯಂದಿರಾಗಿ, ತಮ್ಮ ಮಕ್ಕಳ ಹೆಸರನ್ನು ಅವಳಿಗೆ ಹೇಳಿಕೊಡುತ್ತಿದ್ದರು. ಬೆಳಗಿನ ಆ ಬೀದಿಯಲ್ಲಿ ನಡೆಯುವಾಗ ತಾನೊಬ್ಬಳು ದೊಡ್ಡ ಮನುಷ್ಯಳೆಂದು ಅವಳಿಗೆ ಅನಿಸುತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಶಾಲೆಗೆ ಇಪ್ಪತ್ತೈದು ತುಂಬುವ ವರ್ಷ, ಮಾಘದ ಚಳಿಯಲ್ಲಿ, ಮಾರಪ್ಪ ಜ್ವರ ಬಂದು ಮಲಗಿದವನು ಏಳಲಿಲ್ಲ.

ಮಣ್ಣು ಮುಗಿದ ಮೇಲೆ ಮಾಡುವುದನ್ನೆಲ್ಲ ಮಾಡಿದರು. ಬಳೆ ಹೋಯಿತು, ಹಣೆ ಬರಿದಾಯಿತು. ಊರಿನ ಹೆಂಗಸರು ಬಂದು ಅತ್ತು, ಸಮಾಧಾನ ಹೇಳಿ ಹೋದರು. ಮಾರನೆಯ ದಿನದಿಂದ ಬೆಳಿಗ್ಗೆ ಅವಳ ಮನೆಯ ಕಡೆ ತಿರುಗಿ ನೋಡದೆ ನಡೆದರು. ಅವರನ್ನು ಬೈಯಲು ನನಗೆ ಬಾಯಿ ಬರುತ್ತದೆ, ಆದರೆ ಗುಡ್ಡಮ್ಮನಿಗೆ ಬರಲಿಲ್ಲ. ಅವಳೂ ಹಾಗೆಯೇ ನಂಬಿದವಳು. ಒಳ್ಳೆಯ ಕೆಲಸಕ್ಕೆ ಹೊರಟಾಗ ವಿಧವೆ ಎದುರು ಬಂದರೆ ಮನೆಗೆ ಹಿಂತಿರುಗಿ ನೀರು ಕುಡಿದು ಹೊರಟವಳು. ಈಗ ತಾನೇ ಎದುರು ಬರುವವಳಾದೆ ಎಂಬುದು ಅವಳಿಗೆ ಗಂಡ ಸತ್ತಷ್ಟೇ ದೊಡ್ಡ ದುಃಖವಾಯಿತು. ಒಂದೊಂದು ದಿನ ಅದಕ್ಕಿಂತ ದೊಡ್ಡದಾಗಿಯೂ ಕಂಡು, ಹಾಗೆ ಅನಿಸಿದ್ದಕ್ಕೆ ನಾಚಿಕೆಪಟ್ಟಳು.

ಬೇಸಿಗೆಯಲ್ಲಿ ಜಡೆಯಿಂದ ಅವಳ ಅಣ್ಣ ಉಚ್ಚಂಗಪ್ಪ ಬಂದ. ಒಳ್ಳೆಯ ಮನುಷ್ಯ. ಇನ್ನೇನು ಇಲ್ಲಿದ್ದು ಮಾಡುತ್ತೀಯ, ನಮ್ಮಲ್ಲಿ ಒಂದು ಮೂಲೆ ಇದೆ, ಇದ್ದುಬಿಡು ಎಂದ. ಅವನು ಮೂಲೆ ಎಂದದ್ದು ಪ್ರೀತಿಯಿಂದಲೇ. ಗುಡ್ಡಮ್ಮನಿಗೆ ಆ ಮೂಲೆ ಕಣ್ಣಿಗೆ ಕಟ್ಟಿತು. ಅಲ್ಲಿ ಕೂತರೆ ಮತ್ತೆ ಯಾರ ಹೆಸರನ್ನೂ ಗಟ್ಟಿಯಾಗಿ ಕೂಗುವ ಹಾಗಿಲ್ಲ. ಶಾಲೆ ತೆರೆಯಲಿ, ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿ ಕಳಿಸಿದಳು.

ಜೂನ್ ಬಂತು. ಹೊಸ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಲೂಯಿಸಾ ಮಂಗಳೂರು ಕಡೆಯವರು, ಬಂದು ವರ್ಷ ತುಂಬಿರಲಿಲ್ಲ. ಶಾಲೆ ತೆರೆದ ಎರಡನೆಯ ವಾರ ಬೆಳ್ಳಿಹಬ್ಬ ಮಾಡಬೇಕು, ಮದರ್ ಅಗಾತಾ ಅವರ ಪಟಕ್ಕೆ ಹಾರ ಹಾಕಬೇಕು, ಶಾಲೆ ಹುಟ್ಟಿದ ಕತೆಯನ್ನು ಮಕ್ಕಳಿಂದ ಆಡಿಸಬೇಕು ಎಂದು ಓಡಾಡುತ್ತಿದ್ದರು. ಈ ವರ್ಷದ ಕರೆಗೆ ಹೋಗುವುದು ಯಾವಾಗ ಎಂದು ಗುಡ್ಡಮ್ಮನನ್ನು ಕೇಳಿದರು. ತನಗೆ ಆಗುವುದಿಲ್ಲ, ನೀಲಾಂಬಿಕ ಹೋಗಲಿ ಎಂದಳು ಗುಡ್ಡಮ್ಮ. ನೀಲಾಂಬಿಕ ಹೊಸದಾಗಿ ಸೇರಿದ ಆಯಾ, ಎಳೆಯ ಮುತ್ತೈದೆ. ಮಂಡಿನೋವಿರಬೇಕು ಎಂದುಕೊಂಡರು ಸಿಸ್ಟರ್. ವಿಧವೆಯರು ಕುಂಕುಮ ಇಟ್ಟುಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ಇಡುವಂತೆಯೂ ಇಲ್ಲ ಎಂಬುದು ಗೊತ್ತಿರಲಿಲ್ಲ. ಗುಡ್ಡಮ್ಮನೂ ನಾಚಿಕೆಯಿಂದ ಹೇಳಲಿಲ್ಲ.

ನೀಲಾಂಬಿಕ ಭರಣಿ ಹಿಡಿದು ಮುಂದೆ, ಗುಡ್ಡಮ್ಮ ಕೊಡೆ ಹಿಡಿದು ಬಹಳ ಹಿಂದೆ. ನೀಲಾಂಬಿಕಳ ದನಿ ಅವಳ ಮೂಗುತಿಯನ್ನೂ ದಾಟುತ್ತಿರಲಿಲ್ಲ. ಹಿಂದಿನಿಂದ ಗುಡ್ಡಮ್ಮ ಇದು ಯಾರ ಮನೆ, ಯಾವ ಹುಡುಗಿ ಎಂದು ಪಿಸುಗುಟ್ಟಬೇಕು, ಮತ್ತೆ ಯಾವುದಾದರೂ ಮರದ ಮರೆಗೆ ಸರಿಯಬೇಕು. ಹೀಗೆ ಕಳ್ಳರ ಹಾಗೆ ನಡೆದು ಅವರು ಭತ್ತದ ವ್ಯಾಪಾರಿ ಸದಾಶಿವಪ್ಪನ ಮನೆ ಮುಟ್ಟಿದರು.

ಸದಾಶಿವಪ್ಪನ ಹೆಂಡತಿ ಲೋಕಮ್ಮ ಎರಡನೆಯ ಬಾಣಂತನಕ್ಕೆ ಸೊರಬಕ್ಕೆ, ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಅವನ ತಾಯಿ ವೀರಮ್ಮ, ಎಂಟು ವರ್ಷದ ಮಗಳು ಬಸಕ್ಕ. ವೀರಮ್ಮನೆಂದರೆ ಬೀದಿಗೆಲ್ಲ ಭಯಭಕ್ತಿ. ಯಾವ ಹಬ್ಬಕ್ಕೆ ಏನು, ಯಾವ ಕಾರ್ಯಕ್ಕೆ ಯಾರು ಮುಂದೆ ಯಾರು ಹಿಂದೆ, ಎಲ್ಲ ಅವರನ್ನು ಕೇಳಿಯೇ ಆಗಬೇಕು. ಆಕೆಯ ಗಂಡ ತೀರಿಹೋದದ್ದು ಸದಾಶಿವಪ್ಪ ತೊಟ್ಟಿಲಲ್ಲಿದ್ದಾಗ. ಅಂದಿನಿಂದ ಹಣೆಯ ಮೇಲೆ ವಿಭೂತಿ, ತಲೆಯ ಮೇಲೆ ಸೆರಗು. ಬೆಳಿಗ್ಗೆ ಮಗ ಅಂಗಡಿಗೆ, ಮೊಮ್ಮಗಳು ಶಾಲೆಗೆ ಹೊರಡುವ ಹೊತ್ತಿಗೆ ಆಕೆ ನಡುಮನೆಯ ಕದದ ಹಿಂದೆ ಸರಿದು ನಿಲ್ಲುತ್ತಿದ್ದರು. ಅವರ ಹೆಜ್ಜೆ ಸದ್ದು ಬೀದಿಯಲ್ಲಿ ಅಡಗಿದ ಮೇಲೆಯೇ ಹೊರಗೆ ಬರುವುದು. ಬಸಕ್ಕ ಅಜ್ಜಿಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದದ್ದು ಕದಕ್ಕೆ.

ಬಸಕ್ಕ ನೀಲಾಂಬಿಕಳ ಭರಣಿಯನ್ನು ನೋಡಲೇ ಇಲ್ಲ. ಎದುರಿನ ಬೇವಿನ ಮರದ ಹಿಂದೆ ಗುಡ್ಡಮ್ಮನ ಸೀರೆ ಕಂಡು, ಅತ್ತೆ ಎಂದು ಕೂಗುತ್ತ ಓಡಿಬಂದು ಕೈಹಿಡಿದು ಎಳೆದಳು. ಬೆಳ್ಳಿಹಬ್ಬದ ನಾಟಕದಲ್ಲಿ ತಾನೇ ಗುಡ್ಡಮ್ಮನ ಪಾತ್ರ ಮಾಡುವುದೆಂದು ಹೇಳುವ ಅವಸರ ಅವಳಿಗೆ. ಅಷ್ಟರಲ್ಲಿ ಕದದ ಹಿಂದಿನಿಂದ ವೀರಮ್ಮ ಕರೆದರು. ಗುಡ್ಡಮ್ಮ ಅಂಗಳದ ಅಂಚಿನವರೆಗೆ ಬಂದು ತಲೆ ತಗ್ಗಿಸಿ ನಿಂತಳು.

"ತಪ್ಪು ತಿಳೀಬ್ಯಾಡ ಗುಡ್ಡಮ್ಮ," ಎಂದಿತು ದನಿ. "ಕೂಸು ಹೊರಡೋ ಹೊತ್ನಾಗೆ ನಾನೇ ಒಳಗೆ ನಿಂತಿರ್ತೀನಿ. ನನ್ನ ಮಖನೇ ಕೂಸಿಗೆ ಎದುರು ತರದಾಕಿ, ನಿನ್ನ ಮಖ ಎದುರು ಬರ್ಲಿ ಅಂತ ಹೆಂಗೆ ಅನ್ಲಿ?"

"ನೀವು ಅಂದದ್ದು ಖರೆ ಐತ್ರೀ ಅಮ್ಮ," ಎಂದಳು ಗುಡ್ಡಮ್ಮ.

ಆ ಮಾತಿನಲ್ಲಿ ಕೊಂಕಿರಲಿಲ್ಲ, ತಿರಸ್ಕಾರವಿರಲಿಲ್ಲ. ಇದ್ದಿದ್ದರೆ ಗುಡ್ಡಮ್ಮ ಎರಡು ಮಾತು ಆಡಿ ಹಗುರಾಗುತ್ತಿದ್ದಳು. ನ್ಯಾಯವಾಗಿ ಹೇಳಿದ್ದರಿಂದ ಅದು ನೇರ ಎದೆಗೆ ಹೋಗಿ ಕೂತಿತು. ಅಂದು ಸಂಜೆಯೇ ಅವಳು ನಿರ್ಧಾರ ಮಾಡಿದಳು. ಬೆಳ್ಳಿಹಬ್ಬ ಮುಗಿದ ದಿನ ಸಂಜೆಯ ಬಸ್ಸಿಗೆ ಜಡೆಗೆ ಹೋಗುತ್ತೇನೆ, ಬಂದು ಕರೆದುಕೊಂಡು ಹೋಗು ಎಂದು ಅಣ್ಣನಿಗೆ ಹೇಳಿಕಳಿಸಿದಳು. ಸಿಸ್ಟರಿಗೆ ಹೇಳಲಿಲ್ಲ. ಎರಡು ವಾರ ನೀಲಾಂಬಿಕಳ ಹಿಂದೆ ನಡೆದು, ಯಾವ ಹುಡುಗಿ ಎಲ್ಲಿ ಎಡವುತ್ತಾಳೆ, ಯಾರು ಏರಿಯ ಮೇಲೆ ನೀರಿಗೆ ಕಲ್ಲು ಹೊಡೆಯಲು ನಿಲ್ಲುತ್ತಾರೆ ಎಲ್ಲ ಹೇಳಿಕೊಟ್ಟಳು. ನೀಲಾಂಬಿಕ ತಲೆಯೇನೋ ಆಡಿಸುತ್ತಿದ್ದಳು, ಆದರೆ ಅರ್ಧ ಮಕ್ಕಳು ಗಂಟೆ ಹೊಡೆದ ಮೇಲೆ ಶಾಲೆ ಸೇರುತ್ತಿದ್ದರು.

ಹಬ್ಬದ ದಿನ ಭಾನುವಾರ. ಗೇಟಿಗೆ ಮಾವಿನ ತೋರಣ, ಮಾತೆ ಮರಿಯಳ ಪ್ರತಿಮೆಗೆ ಸೇವಂತಿಗೆ ಹಾರ, ಮದರ್ ಅಗಾತಾ ಅವರ ಪಟಕ್ಕೆ ಇನ್ನೊಂದು. ಗುಡ್ಡಮ್ಮ ಬೆಳಿಗ್ಗೆಯೇ ತನ್ನ ಗಂಟು ಕಟ್ಟಿಟ್ಟು ಬಂದು ಅಡಿಗೆಮನೆಯಲ್ಲಿ ಕಡಲೆಬೇಳೆ ತೊಳೆಯುತ್ತ ಕೂತಿದ್ದಳು. ಹೆಂಗಸರು ಬರುವ ಹೊತ್ತಿಗೆ ಸಿಸ್ಟರ್ ಲೂಯಿಸಾ ಹುಡುಕಿಕೊಂಡು ಬಂದು, ಅವಳ ಒದ್ದೆ ಕೈ ಒರೆಸಿ ಗೇಟಿನ ಬಳಿಗೆ ಕರೆತಂದು, ಹಿತ್ತಾಳೆಯ ತಟ್ಟೆಯೊಂದನ್ನು ಕೈಗೆ ಕೊಟ್ಟರು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಬಿಡಿ ಹೂವು.

"ಇವತ್ತು ಇದನ್ನು ನೀವೇ ಹಿಡಿಯಬೇಕು ಗುಡ್ಡಮ್ಮ. ಈ ಶಾಲೆಗೆ ಎಲ್ಲರನ್ನೂ ಮೊದಲು ಕರೆದವರು ನೀವಲ್ಲವಾ? ಬೇರೆಯವರ ಕೈಗೆ ನಾನು ಕೊಡಲಿಕ್ಕಿಲ್ಲ."

ಅಷ್ಟು ಹೇಳಿ, ಪಾದ್ರಿಗಳ ಜೀಪು ಬಂದ ಸದ್ದಿಗೆ ಅತ್ತ ಓಡಿದರು. ಒಳ್ಳೆಯ ಮನಸ್ಸಿನವರು ಮಾಡುವ ಅನಾಹುತಕ್ಕೆ ಮದ್ದಿಲ್ಲ.

ಗುಡ್ಡಮ್ಮ ತಟ್ಟೆ ಹಿಡಿದು ಗೇಟಿನಲ್ಲೇ ಉಳಿದಳು. ತಟ್ಟೆ ಕೆಳಗಿಟ್ಟು ಹೋಗೋಣವೆಂದರೆ ಕುಂಕುಮವನ್ನು ನೆಲಕ್ಕಿಡುವಂತಿಲ್ಲ. ಯಾರಿಗಾದರೂ ಕೊಡೋಣವೆಂದರೆ ಅವಳ ಕೈಯಿಂದ ಅದನ್ನು ತೆಗೆದುಕೊಳ್ಳಬೇಕಲ್ಲ. ಪನ್ನೀರುದಾನಿ ಹಿಡಿದಿದ್ದ ನೀಲಾಂಬಿಕ ಒಮ್ಮೆ ಕೈ ಚಾಚಿದಳು, ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. ಹೊಸ ಮದುವೆಯ ಹುಡುಗಿ, ಅವಳನ್ನು ಅಂದು ಏನು ಪ್ರಯೋಜನ? ಹೆಂಗಸರ ಮೊದಲ ಗುಂಪು ಗೇಟಿನ ಹೊರಗೆ ಹೊಂಗೆಮರದ ನೆರಳಿಗೆ ಬಂದು ನಿಂತಿತು. ಎರಡನೆಯ ಗುಂಪು ಬಂದು ಅದರ ಹಿಂದೆ ನಿಂತಿತು. ಬಿಸಿಲು ಬಹಳ ಎಂದು ಒಬ್ಬಳು, ಇನ್ನೂ ಹೊತ್ತಿದೆ ಎಂದು ಇನ್ನೊಬ್ಬಳು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಮರದ ಕೆಳಗೆ ಜಾಗ ಸಾಲದಾಯಿತು. ತಾನು ಬೆಳೆಸಿದ ಮುಖಗಳೆಲ್ಲ ಬೇರೆ ಕಡೆ ತಿರುಗಿದ್ದನ್ನು ನೋಡುತ್ತ ಗುಡ್ಡಮ್ಮ ನಿಂತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

ಆಗ ಏರಿಯ ಕಡೆಯಿಂದ ವೀರಮ್ಮ ಬಂದರು. ಇಂಥ ಕಡೆ ಬರುವವರಲ್ಲ ಆಕೆ. ಸೊಸೆ ತವರಿನಲ್ಲಿ, ಮಗ ಸಂತೆಯ ಊರಿನಲ್ಲಿ, ನಾಟಕದ ಹುಡುಗಿಯನ್ನು ಯಾರಾದರೂ ಕರೆತರಬೇಕಲ್ಲ, ಗೇಟಿನಲ್ಲಿ ಬಿಟ್ಟು ಹಿಂತಿರುಗುವ ಲೆಕ್ಕದಲ್ಲಿ ಬಂದಿದ್ದರು. ಬಸಕ್ಕ ಸಣ್ಣ ಸೀರೆ ಉಟ್ಟು, ಕಚ್ಚೆ ಸಿಕ್ಕಿಸಿ, ಖಾಲಿ ಭರಣಿ ಹಿಡಿದು ಥೇಟ್ ಗುಡ್ಡಮ್ಮನೇ ಆಗಿದ್ದಳು. ಹಣೆ ಮಾತ್ರ ಬೋಳು. ಮನೆಯಲ್ಲಿ ಅದನ್ನು ಇಡುವ ತಾಯಿ ಇರಲಿಲ್ಲ. ಅವಳು ಅಜ್ಜಿಯ ಕೈ ಬಿಡಿಸಿಕೊಂಡು, ಮರದ ಕೆಳಗಿನವರನ್ನೆಲ್ಲ ದಾಟಿ, ನೇರವಾಗಿ ತಟ್ಟೆಯ ಮುಂದೆ ಬಂದು ಮುಖ ಎತ್ತಿದಳು.

"ಅತ್ತೆ, ನಿಂಗೆ ಮೊದಲು ಇರ್ತಿತ್ತಲ್ಲ, ಅಷ್ಟು ದೊಡ್ಡದು ಇಡು."

"ನಾನು ಇಡಂಗಿಲ್ಲ ಮಗ."

"ಮತ್ತೆ ಯಾರು ಇಡ್ತಾರೆ?"

ಎಲ್ಲರೂ ನೋಡಿದ್ದು ವೀರಮ್ಮನನ್ನು. ಆಕೆ ಏನು ಹೇಳುತ್ತಾರೋ ಅದೇ ಆಗುವುದು ಎಂದು ಗುಡ್ಡಮ್ಮನಿಗೂ ಗೊತ್ತಿತ್ತು. ವೀರಮ್ಮ ಗೇಟಿನವರೆಗೆ ಬಂದರು. ಮೊಮ್ಮಗಳ ಎತ್ತಿದ ಮುಖವನ್ನು ನೋಡಿದರು. ಸೀರೆ ಉಟ್ಟು, ಎಲ್ಲಿಗೋ ಹೊರಟು ನಿಂತ ಹುಡುಗಿಯ ಮುಖ. ಕದದ ಹಿಂದೆ ನಿಂತು ನಿಂತು, ಹೊರಡುವಾಗ ಈ ಕೂಸು ಹೇಗೆ ಕಾಣುತ್ತದೆ ಎಂಬುದು ಆಕೆಗೆ ತಿಳಿದೇ ಇರಲಿಲ್ಲ. ಆಮೇಲೆ ತಟ್ಟೆಯನ್ನು ನೋಡಿದರು. ಅದು ನಡುಗುತ್ತಿತ್ತು.

"ಗಟ್ಟಿ ಹಿಡಿ ಗುಡ್ಡಮ್ಮ," ಎಂದರು. "ನಾನು ಇಡ್ತೀನಿ."

ಕುಂಕುಮದ ಬಟ್ಟಲಿನ ಮೇಲೆ ಆ ಬೆರಳು ಒಂದು ಗಳಿಗೆ ನಿಂತಿತು. ಎಷ್ಟೋ ಕಾಲದಿಂದ ವಿಭೂತಿಯನ್ನೇ ಹಚ್ಚಿದ ಬೆರಳು. ಆಮೇಲೆ ಅದು ಇಳಿಯಿತು. ವೀರಮ್ಮ ಮೊಮ್ಮಗಳ ಗಲ್ಲ ಹಿಡಿದು, ಹಣೆಯ ನಡುವೆ ದೊಡ್ಡದಾಗಿ, ದುಂಡಗೆ, ಅವಸರವಿಲ್ಲದೆ ಕುಂಕುಮ ಇಟ್ಟರು. ಅಭ್ಯಾಸ ತಪ್ಪಿದ ಕೈ, ಸ್ವಲ್ಪ ಮೂಗಿನ ಮೇಲೂ ಉದುರಿತು. ಅದನ್ನು ಊದಿ ತೆಗೆದರು. ಗುಡ್ಡಮ್ಮನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಎರಡು ಕೈಯಲ್ಲೂ ತಟ್ಟೆ ಇದ್ದದ್ದರಿಂದ ಒರೆಸಿಕೊಳ್ಳಲು ಆಗಲಿಲ್ಲ.

ಅಜ್ಜಿ ಮೊಮ್ಮಗಳು ಒಳಗೆ ಹೋದರು. ಗೇಟಿನಿಂದ ಹಿಂತಿರುಗುವ ಮಾತನ್ನು ವೀರಮ್ಮ ಮರೆತಂತಿತ್ತು. ಹೊಂಗೆಮರದ ಕೆಳಗಿನವರು ಒಬ್ಬೊಬ್ಬರಾಗಿ ಬಂದರು. ಹೆಚ್ಚಿನವರು ತಾವೇ ಬೆರಳು ಅದ್ದಿ ತಮ್ಮ ಹಣೆಗೆ ಇಟ್ಟುಕೊಂಡು, ಮಕ್ಕಳಿಗೂ ಇಟ್ಟರು. ಗುಡ್ಡಮ್ಮ ಇಡಲಿಲ್ಲ, ಹಿಡಿದಿದ್ದಳು. ಅಷ್ಟಕ್ಕೆ ಎಲ್ಲರ ಮನಸ್ಸೂ ಒಪ್ಪಿತು. ಮೂರು ನಾಲ್ಕು ಜನ ಕಂಬದ ಆಚೆಯಿಂದ, ತಟ್ಟೆ ಕಾಣದವರ ಹಾಗೆ ನುಸುಳಿಹೋದರು. ಅವರು ಯಾರು ಯಾರೆಂದು ಗುಡ್ಡಮ್ಮ ನೆನಪಿಟ್ಟುಕೊಂಡಳು. ಅದನ್ನೂ ಮರೆಯುವಷ್ಟು ದೊಡ್ಡ ಮನಸ್ಸು ಅವಳದಲ್ಲ, ನಾನೇಕೆ ಸುಳ್ಳು ಹೇಳಲಿ.

ನಾಟಕದಲ್ಲಿ ಬಸಕ್ಕ ಸೊಂಟದ ಮೇಲೆ ಕೈಯಿಟ್ಟು ಬೀದಿ ಕರೆಯುವ ಕೂಗು ಹಾಕಿದಾಗ ಪಾದ್ರಿಗಳು ಬೆಚ್ಚಿಬಿದ್ದರು, ತಾಯಂದಿರು ಬಿದ್ದು ಬಿದ್ದು ನಕ್ಕರು. ಎಲ್ಲ ಮುಗಿದ ಮೇಲೆ ಉಚ್ಚಂಗಪ್ಪ ಕೊಡೆ ಬಗಲಲ್ಲಿಟ್ಟುಕೊಂಡು ಬಂದು, ಸೊರಬದ ಬಸ್ಸಿಗೆ ಹೊತ್ತಾಯಿತು, ಗಂಟು ಎಲ್ಲಿ ಎಂದು ಕೇಳಿದ.

"ನಾಳೆ ಶಾಲೆ ಐತಲ್ಲಣ್ಣ," ಎಂದಳು ಗುಡ್ಡಮ್ಮ.

ಅವನು ತಂಗಿಯ ಮುಖ ನೋಡಿದ. ಹಬ್ಬದ ಪಾಯಸ ಕಟ್ಟಿಸಿಕೊಂಡು ಒಬ್ಬನೇ ಬಸ್ಸು ಹತ್ತಿದ.

ಸೋಮವಾರ ಬೆಳಿಗ್ಗೆ ಪೇಟೆಬೀದಿಯಲ್ಲಿ ಮೊದಲಿನ ದನಿ ಕೇಳಿಸಿತು. ನೀಲಾಂಬಿಕ ಈಗ ಸಾಲಿನ ಹಿಂದೆ. ಎರಡು ಮನೆಗಳವರು ಮಗಳಿಗೆ ಮೈ ಸರಿಯಿಲ್ಲ ಎಂದು ಒಳಗಿನಿಂದಲೇ ಹೇಳಿದರು. ಹೇಳಲಿ, ನಾಳೆಯೂ ಕರೆಯುತ್ತೇನೆ ಎಂದುಕೊಂಡು ಗುಡ್ಡಮ್ಮ ಮುಂದೆ ನಡೆದಳು. ಆದರೂ ಸದಾಶಿವಪ್ಪನ ಮನೆ ಹತ್ತಿರವಾದಂತೆ ಅವಳ ಹೆಜ್ಜೆ ಸಣ್ಣದಾಯಿತು. ಹಬ್ಬದ ದಿನದ ಮಾತು ಬೇರೆ, ದಿನದ ಬೆಳಗು ಬೇರೆ.

ಬಾಗಿಲು ತೆರೆದಿತ್ತು. ಜಗುಲಿಯ ಮೇಲೆ, ಬಸಕ್ಕನ ಕೈ ಹಿಡಿದು, ವೀರಮ್ಮ ನಿಂತಿದ್ದರು. ತಲೆಯ ಮೇಲಿನ ಸೆರಗು ಹಾಗೆಯೇ ಇತ್ತು. ಎದುರುಮನೆಯವರು ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು, ಹೆಂಚುಗಳ ಮೇಲೆ ಎಳೆಬಿಸಿಲು ಬಿದ್ದಿತ್ತು, ಜಡೆ ಬಿಗಿಸಿಕೊಂಡ ಹುಡುಗಿಯರ ಸಾಲು ಕಿಚಿಪಿಚಿ ಎನ್ನುತ್ತ ಕಾದು ನಿಂತಿತ್ತು. ಆಕೆ ಅದನ್ನೆಲ್ಲ ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಈ ಹೊತ್ನಾಗೆ ಬೀದಿ ಹಿಂಗಿರ್ತದಾ, ಗುಡ್ಡಮ್ಮ?"

"ದಿನಾ ಹಿಂಗೇ ಇರ್ತೈತ್ರೀ ಅಮ್ಮ," ಎಂದಳು ಗುಡ್ಡಮ್ಮ, ಬಸಕ್ಕನ ಕೈಯನ್ನು ಆಕೆಯ ಕೈಯಿಂದ ತೆಗೆದುಕೊಳ್ಳುತ್ತ.